ಎಳೆ ಹರಿದರೆ ನಿಲ್ಲುವ ಮಗ್ಗ

"ಗಾಡಿ ನಿಂದ್ರಸವ್ವ."

ಬಸಣ್ಣ ಮಾಮಾ ಹೀಗಂದಾಗ ನಾನು ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ನಡುವಿನ ಲೇನಿನಲ್ಲಿದ್ದೆ. ಎಡಕ್ಕೊಂದು ಲಾರಿ. ಬಲಕ್ಕೊಂದು ಲಾರಿ. ಹಿಂದೆ, ಹಾರ್ನ್ ಒತ್ತಲು ನೆಪ ಹುಡುಕುತ್ತಿದ್ದ ಒಂದು ಬಿಳಿ ವ್ಯಾನು. ಆ ರಸ್ತೆ ಬಲ್ಲವರಿಗೆ ಗೊತ್ತು, ಅಲ್ಲಿ ಗಾಡಿ ನಿಲ್ಲಿಸುವುದೆಂದರೆ ತುಂಬಿದ ಹೊಳೆಯ ನಡುವೆ ಚಾಪೆ ಹಾಸಿ ಕೂತಂತೆ.

ಹಿಂದಿನ ಸೀಟಿನಲ್ಲಿ ನನ್ನ ಹದಿಮೂರು ವರ್ಷದ ಮಗಳು ಅನು. ತೊಡೆಯ ಮೇಲೆ ವಯಲಿನ್ ಪೆಟ್ಟಿಗೆ. ಹನ್ನೊಂದೂವರೆಗೆ ಕ್ರೋಯ್ಡನ್ನಿನಲ್ಲಿ ಅವಳ ವಯಲಿನ್ ಪರೀಕ್ಷೆ. ನಾವಿರುವುದು ಕ್ವೀನ್ಸ್‌ಬರಿಯಲ್ಲಿ, ಅಂದರೆ ಊರಿನ ಈ ತುದಿಯಿಂದ ಆ ತುದಿ. (ಟ್ಯೂಬ್ ರೈಲಿನಲ್ಲಿ ಹೋಗಬಾರದಿತ್ತೇ ಅನ್ನುತ್ತೀರಾ? ಅವತ್ತು ಶನಿವಾರ. ಶನಿವಾರ ನಮ್ಮ ಲೈನಿನಲ್ಲಿ ರಿಪೇರಿ ಇಲ್ಲದಿದ್ದರೆ ಲಂಡನ್ನಿನವರಿಗೆ ಏನೋ ಕಳೆದುಕೊಂಡಂತಾಗುತ್ತದೆ.)

"ಮಾಮಾ, ಇಲ್ಲೆ ನಿಂದ್ರಸಾಕ ಬರಂಗಿಲ್ಲ!" ಎಂದು ಕೂಗಿದೆ.

ಸಿಟ್ಟಿನಿಂದ ಕೂಗಿದ್ದಲ್ಲ. ಮಾಮಾನಿಗೆ ಕಿವಿ ಮುಕ್ಕಾಲು ಪಾಲು ಕೇಳುವುದಿಲ್ಲ. ಅವರೊಡನೆ ಎಲ್ಲವನ್ನೂ ಕೂಗಿಯೇ ಹೇಳಬೇಕು. "ಚಹಾ ಬೇಕಾ" ಅನ್ನುವುದನ್ನೂ ಜಗಳದ ದನಿಯಲ್ಲಿ ಕೇಳಬೇಕು. ಅವರು ಬಂದ ಮೊದಲ ವಾರವೇ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಬಾಗಿಲು ತಟ್ಟಿ, "ಎಲ್ಲ ಸರಿ ಇದೆಯಾ?" ಎಂದು ವಿಚಾರಿಸಿಕೊಂಡು ಹೋಗಿದ್ದಳು.

ಬಸಣ್ಣ ಮಾಮಾ ನನ್ನ ತಾಯಿಯ ತಮ್ಮ. ಬನಹಟ್ಟಿಯವರು. ನಲವತ್ತು ವರ್ಷ ಪವರ್‌ಲೂಮ್ ಶೆಡ್ಡುಗಳಲ್ಲಿ ಜಾಬರ್ ಆಗಿದ್ದವರು. ಜಾಬರ್ ಅಂದರೆ ಮಗ್ಗ ರಿಪೇರಿ ಮಾಡುವವರು. ನೇಕಾರರು ನೇಯುತ್ತಾರೆ, ಮಗ್ಗ ಮುನಿಸಿಕೊಂಡಾಗ ಜಾಬರ್ ಬಂದು ಸಮಾಧಾನ ಮಾಡುತ್ತಾರೆ. ಪವರ್‌ಲೂಮ್ ಶೆಡ್ಡಿನೊಳಗೆ ಒಮ್ಮೆ ಕಾಲಿಟ್ಟವರಿಗೆ ಗೊತ್ತು ಆ ಸದ್ದು. ಇಪ್ಪತ್ತು ಮೂವತ್ತು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದರೆ ಪಕ್ಕದವರ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಮಾಮಾನ ಕಿವಿಯನ್ನು ಆ ಸದ್ದೇ ತಿಂದುಹಾಕಿತ್ತು.

ಆದರೆ ಅಂಗೈ ಉಳಿದಿತ್ತು.

ನಮ್ಮ ಮನೆಗೆ ಬಂದ ಮೂರನೇ ದಿನ ವಾಷಿಂಗ್ ಮಷೀನಿನ ಮೇಲೆ ಕೈಯಿಟ್ಟು ನಿಂತಿದ್ದರು. ಹಸುವಿನ ಮೈ ಸವರುವವರ ಹಾಗೆ. "ಇದರ ಬೇರಿಂಗ್ ಇನ್ನೊಂದು ತಿಂಗಳು" ಅಂದರು. ನಾನು ನಕ್ಕೆ. ಮಷೀನು ಇಪ್ಪತ್ತಾರನೇ ದಿನಕ್ಕೆ ನಿಂತಿತು.

ಇಂಥವರು ಕಾರಿನ ಮುಂದಿನ ಎಡ ಸೀಟಿನಲ್ಲಿ ಕೂತು, ಬಾಗಿಲಿಗೆ ಅಂಗೈ ಒತ್ತಿ ಹಿಡಿದು, "ನಿಂದ್ರಸು" ಅಂದಾಗ ನಾನು ಕೇಳಬೇಕಿತ್ತು. ಯಾಕೆ ಕೇಳಲಿಲ್ಲ?

ಕಾರಿನ ಮೇಲಿನ ನಂಬಿಕೆ ಸ್ವಾಮಿ, ಕಾರಿನ ಮೇಲಿನ ನಂಬಿಕೆ!

ನಮ್ಮದು ಹದಿನಾರು ವರ್ಷದ ಪುಟ್ಟ ಜಪಾನಿ ಕಾರು. ಕಂಪನಿಯ ಹೆಸರು ಬರೆಯುವುದಿಲ್ಲ. (ಬರೆದರೆ ಜಾಹೀರಾತು ಅನ್ನುತ್ತೀರಿ. ಬರೆಯದಿದ್ದರೂ ನಿಮಗೆ ಗೊತ್ತಾಗುತ್ತದೆ.) ಲಂಡನ್ನಿನಲ್ಲಿ ಮಿನಿಕ್ಯಾಬ್ ಕರೆದರೆ ಸದ್ದಿಲ್ಲದೆ ಬಂದು ನಿಲ್ಲುವುದು ಬಹುಮಟ್ಟಿಗೆ ಅದೇ ಕಂಪನಿಯ ಕಾರು. ಪಕ್ಕದ ಕಿಂಗ್ಸ್‌ಬರಿಯ ಯಾವ ಬೀದಿಗೆ ಹೋದರೂ ಮನೆಗೊಂದು ನಿಂತಿರುತ್ತದೆ. ಬೆಂಗಳೂರಿನಿಂದ ವರ್ಕ್ ವೀಸಾ ಮೇಲೆ ಹೊಸದಾಗಿ ಬಂದವರು ನಮ್ಮ ಕನ್ನಡ ಗುಂಪಿನಲ್ಲಿ ಎರಡೇ ಪ್ರಶ್ನೆ ಕೇಳುತ್ತಾರೆ. ಜಿಪಿ ಡಾಕ್ಟರ ಹತ್ತಿರ ರಿಜಿಸ್ಟರ್ ಮಾಡಿಸುವುದು ಹೇಗೆ? ಸೆಕೆಂಡ್ ಹ್ಯಾಂಡ್ ಕಾರು ಯಾವುದು ಕೊಳ್ಳಲಿ? ಮೊದಲನೆಯದಕ್ಕೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಎಲ್ಲರದೂ ಒಂದೇ ಉತ್ತರ.

ನನ್ನ ಗಂಡ ಬೆಂಗಳೂರಿನವನು, ಐಟಿಯವನು, ದೇವರನ್ನು ಅಷ್ಟಾಗಿ ನಂಬದವನು. ಆದರೆ ಈ ಕಾರಿನ ಬಗ್ಗೆ ಮಾತು ಬಂದರೆ ಅವನ ದನಿಯಲ್ಲಿ ಒಂದು ಭಕ್ತಿ ಸೇರಿಕೊಳ್ಳುತ್ತದೆ. "ಅದಕ್ಕೇನೂ ಆಗಲ್ಲ ಕಣೇ. ಪೆಟ್ರೋಲ್ ಹಾಕು, ಓಡಿಸು, ಅಷ್ಟೆ."

ಆ ಶನಿವಾರ ಬೆಳಿಗ್ಗೆ ಮನೆಯ ಬೀದಿ ದಾಟುವಷ್ಟರಲ್ಲೇ ಅನು ಅಂದಿದ್ದಳು, "ಮಮ್, ಏನೋ ನಾಯ್ಸ್." (ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಅಂದದ್ದನ್ನು ನಾನಿಲ್ಲಿ ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ.)

"ಹೊಸ ಟೈರು ಕಣೇ" ಅಂದೆ. ಹಿಂದಿನ ದಿನ, ಶುಕ್ರವಾರ ಸಂಜೆ, ಹತ್ತಿರದ ಒಂದು ಪುಟ್ಟ ಗ್ಯಾರೇಜಿನಲ್ಲಿ ಕಾರು ಬಿಟ್ಟು, ಮುಂದಿನ ಎರಡೂ ಟೈರು ಹೊಸದು ಹಾಕಿಸಿದ್ದೆ. "ಹೊಸ ಟೈರು ಸ್ವಲ್ಪ ಸದ್ದು ಮಾಡುತ್ತೆ. ಜಪಾನಿ ಕಾರು ಇದು. ಏನೂ ಆಗಲ್ಲ."

ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ವಿಷಯ ಅಲ್ಲಿಗೆ ಮುಗಿಯಿತು.

ನೀಸ್‌ಡನ್ ದಾಟಿ ವೇಗ ಹೆಚ್ಚಾದಾಗ ಸ್ಟಿಯರಿಂಗ್ ಸಣ್ಣಗೆ ನಡುಗಿತು. ಕೌನ್ಸಿಲ್‌ನವರು ರಸ್ತೆ ರಿಪೇರಿ ಮಾಡಿಲ್ಲ ಅಂದುಕೊಂಡೆ. ಮಾಮಾ ಎರಡನೇ ಸಲ ಅಂದರು, "ಸುಮಾ, ಮುಂದಿನ ಎಡಗಾಲಿ ತಾಳ ತಪ್ಪೇತಿ. ನಿಂದ್ರಸು."

"ಹ್ಯಾಂಗರ್ ಲೇನ್ ದಾಟಿದ ಮ್ಯಾಲ ನೋಡೋಣ ಮಾಮಾ!"

"ಮಮ್, ನಾವೀಗಲೇ ಲೇಟು" ಎಂದಳು ಅನು ಹಿಂದಿನಿಂದ.

ಆಗ ಮಾಮಾ ನಾನು ಕಂಡರಿಯದ ಕೆಲಸ ಮಾಡಿದರು. ಇಡೀ ಆಯುಷ್ಯದಲ್ಲಿ ನನಗೆ ಒಂದು ಮಾತು ಜೋರಾಗಿ ಅಂದವರಲ್ಲ. ಅವತ್ತು ಕಾರಿನ ಗಾಜು ನಡುಗುವ ಹಾಗೆ ಕೂಗಿದರು.

"ಸುಮಾ! ಈಗ! ಈಗ ಅಂದ್ರ ಈಗ!"

ಎಡ ಇಂಡಿಕೇಟರ್ ಹಾಕಿದ್ದು ನೆನಪಿದೆ. ಹಿಂದಿನ ವ್ಯಾನಿನವನು ಕೊನೆಗೂ ಹಾರ್ನ್ ಒತ್ತಿದ. ಎಡದ ಲಾರಿಯವನು, ಪುಣ್ಯಾತ್ಮ, ಜಾಗ ಬಿಟ್ಟ. ರಸ್ತೆ ಪಕ್ಕದ ಪೆಟ್ರೋಲ್ ಬಂಕಿನೊಳಗೆ ಕಾರು ನುಗ್ಗಿಸಿ, ಗಾಳಿ ತುಂಬುವ ಮಷೀನಿನ ಹತ್ತಿರ ನಿಲ್ಲಿಸಿದೆ. ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಪರೀಕ್ಷೆಗೆಂದು ಮಾಡಿದ ಆರು ತಿಂಗಳ ಅಭ್ಯಾಸ, ಕ್ರೋಯ್ಡನ್ ಇನ್ನೂ ಎಲ್ಲೋ ದೂರ, ಇಲ್ಲಿ ಮಾಮಾನ ಅಂಗೈ ಜ್ಯೋತಿಷ್ಯ!

ಮಾಮಾ ಇಳಿದು ಎಡಗಾಲಿಯ ಮುಂದೆ ಕೂತರು. ಮಂಡಿ ನೋವಿನವರು ನೆಲಕ್ಕೆ ಕೂರುವುದು ನೋಡಿದ್ದೀರಲ್ಲ, ಹಾಗೆ ಒಂದೊಂದೇ ಕಾಲು ಮಡಚಿ. ಗಾಲಿಗೆ ಮುಚ್ಚಿರುತ್ತದಲ್ಲ ಪ್ಲಾಸ್ಟಿಕ್ ತಟ್ಟೆ, ಅದರ ಅಂಚಿಗೆ ಬೆರಳು ಹಾಕಿ ಎಳೆದರು.

ಠಣ್.

ಅದರೊಳಗಿಂದ ಒಂದು ನಟ್ಟು ಉದುರಿ ಸಿಮೆಂಟ್ ನೆಲದ ಮೇಲೆ ಉರುಳುತ್ತ ಹೋಯಿತು. ಅನುವಿನ ಶೂಗೆ ತಾಗಿ ನಿಂತಿತು.

ನಾಲ್ಕು ನಟ್ಟಿನ ಗಾಲಿ ಅದು. ಉಳಿದದ್ದು ಮೂರು. ಮಾಮಾ ಒಂದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. ತಿರುಗಿತು. ಎರಡನೆಯದೂ ತಿರುಗಿತು. ಮೂರನೆಯದು ಸ್ವಲ್ಪ ಬಿಗಿಯಾಗಿತ್ತು, ಬಾಟಲಿ ಮುಚ್ಚಳದಷ್ಟು.

ಅನು ಬಗ್ಗಿ ಆ ನಟ್ಟನ್ನು ಎತ್ತಿಕೊಂಡಳು. ಅಂಗೈಯಲ್ಲಿಟ್ಟು ನೋಡುತ್ತ ನಿಂತಳು. ನಂತರ ರಸ್ತೆಯ ಕಡೆ ನೋಡಿದಳು. ಅಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

ಬ್ರೇಕ್‌ಡೌನ್ ಸರ್ವೀಸಿಗೆ ಫೋನ್ ಮಾಡಿದೆ. ಒಂದು ಗಂಟೆ ಅಂದರು. ಪರೀಕ್ಷಾ ಕೇಂದ್ರಕ್ಕೆ ಫೋನ್ ಮಾಡಿದೆ. ಪಾಪ, ಒಳ್ಳೆಯ ಹೆಂಗಸು, ಆದರೆ ಆ ದಿನ ಬೇರೆ ಸಮಯ ಇರಲಿಲ್ಲ. ಮುಂದಿನ ಟರ್ಮಿಗೆ ಮತ್ತೆ ಅರ್ಜಿ ಹಾಕಿ ಅಂದಳು. ಅನುಗೆ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ವಯಲಿನ್ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿ, ಮಾಮಾನ ಪಕ್ಕ ಕಟ್ಟೆಯ ಮೇಲೆ ಕೂತಳು. ಅವರ ಕೈ ಹಿಡಿದುಕೊಂಡು ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದಳು. ಅದರಲ್ಲಿ ಏನೋ ಯಂತ್ರ ಇರಬೇಕು ಅನ್ನುವ ಹಾಗೆ.

ಹೇಳಿದ ಒಂದು ಗಂಟೆ ಮುಗಿಯಲು ಹತ್ತು ನಿಮಿಷ ಇರುವಾಗಲೇ ಬಂದ ಬ್ರೇಕ್‌ಡೌನಿನವನು, ಜೋಸೆಫ್. ಕಿತ್ತಳೆ ಬಣ್ಣದ ಜಾಕೆಟ್ಟು, ಘಾನಾದಲ್ಲಿ ಹುಟ್ಟಿ ಇಲ್ಲೇ ತಲೆ ನರೆತ ಮನುಷ್ಯ. ಗಾಲಿ ನೋಡಿದ. ತಾನೂ ಎರಡು ಬೆರಳಲ್ಲಿ ನಟ್ಟು ತಿರುಗಿಸಿದ. ನಿಧಾನವಾಗಿ ನನ್ನ ಕಡೆ ತಿರುಗಿ ಕೇಳಿದ, "ಇದನ್ನು ಯಾರು ಕಂಡುಹಿಡಿದರು?"

"ನನ್ನ ಅಂಕಲ್. ಅವರಿಗೆ ಕಿವಿ ಕೇಳಿಸಲ್ಲ. ಕೈಗೆ ಗೊತ್ತಾಯಿತಂತೆ."

ಜೋಸೆಫ್ ಗ್ಲೌಸು ತೆಗೆದು ಮಾಮಾನ ಕೈ ಕುಲುಕಿದ. "ಪಾಪಾ" ಎಂದು ಕರೆದ. "ಇನ್ನೊಂದೆರಡು ಮೈಲಿ ಹೋಗಿದ್ದರೆ ಗಾಲಿ ನಿಮಗಿಂತ ಮುಂದೆ ಹೋಗುತ್ತಿತ್ತು" ಅಂದ. ನಗುತ್ತಲೇ ಅಂದ. ಕಣ್ಣು ನಗುತ್ತಿರಲಿಲ್ಲ.

ಆಮೇಲೆ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ಒಂದು ಮಾತು ಸೇರಿಸಿದ. "ಕಾರನ್ನು ಬೈಯಬೇಡಿ. ಟೈರು ಹಾಕಿದವರು ನಟ್ಟು ಬಿಗಿ ಮಾಡುವುದನ್ನು ಮರೆತಿದ್ದಾರೆ. ಈ ಕಾರನ್ನು ತಯಾರಿಸಿದವರನ್ನು ನಾನು ಬಲ್ಲೆ."

ಬಲ್ಲ, ನಿಜವಾಗಿಯೂ. ಈ ಕಂಪನಿಗೆ ಇಂಗ್ಲೆಂಡಿನಲ್ಲೊಂದು ಕಾರ್ಖಾನೆ ಇದೆ. ಅಲ್ಲಿ ಜೋಸೆಫ್ ಹನ್ನೊಂದು ವರ್ಷ ಕೆಲಸ ಮಾಡಿದ್ದ. ನಟ್ಟುಗಳನ್ನು ಒಂದೊಂದಾಗಿ ಒರೆಸಿ ಪರೀಕ್ಷಿಸುತ್ತ ಹೇಳಿದ. ಕೆಲಸಕ್ಕೆ ಸೇರಿದ ಎರಡನೇ ವಾರ. ಅವನ ಮುಂದೆ ಕಾರುಗಳು ಸಾಲಾಗಿ ಬರುತ್ತಿದ್ದವು. ಒಂದು ಬಾಗಿಲಿನ ರಬ್ಬರು ಸರಿ ಕೂತಿರಲಿಲ್ಲ. ತಲೆಯ ಮೇಲೆ ಒಂದು ಹಗ್ಗ ತೂಗುತ್ತಿತ್ತು. ಏನಾದರೂ ತಪ್ಪು ಕಂಡರೆ ಯಾರು ಬೇಕಾದರೂ ಅದನ್ನು ಎಳೆಯಬಹುದು ಎಂದು ಮೊದಲ ದಿನವೇ ಹೇಳಿದ್ದರು. ಎಳೆದರೆ ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ, ಸರಿ ಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ.

"ನಾನು ಹೊಸಬ. ಕಪ್ಪು ಮನುಷ್ಯ. ಎರಡನೇ ವಾರ. ಎಳೆಯುತ್ತೀರಾ ನೀವು?" ಎಂದು ನನ್ನನ್ನೇ ಕೇಳಿದ.

ನಾನು ತಲೆ ಅಲ್ಲಾಡಿಸಿದೆ. ಇಲ್ಲ. ನಾನಾದರೆ ರಬ್ಬರನ್ನು ಕಣ್ಣಲ್ಲೇ ಸರಿ ಮಾಡಿ ಮುಂದೆ ಕಳಿಸುತ್ತಿದ್ದೆ.

"ನಾನು ಎಳೆದೆ. ಸೂಪರ್‌ವೈಸರ್ ಓಡಿ ಬಂದ. ಕೆಲಸ ಹೋಯಿತು ಅಂದುಕೊಂಡೆ. ಅವನು ಬಂದವನೇ ಮೊದಲು ಹೇಳಿದ್ದು ಥ್ಯಾಂಕ್ಯೂ. ನನ್ನ ಜೀವನದಲ್ಲಿ ಅಷ್ಟು ಹೊತ್ತಿಗೆ ಮೂರು ಕಡೆ ಕೆಲಸ ಮಾಡಿದ್ದೆ. ತಪ್ಪು ತೋರಿಸಿದ್ದಕ್ಕೆ ಥ್ಯಾಂಕ್ಯೂ ಅಂದ ಮೊದಲ ಜಾಗ ಅದು."

ನಂತರ ಅವನು ಹೇಳಿದ ಮಾತು ಇಡೀ ಬೆಳಗನ್ನೇ ಬದಲಿಸಿತು. "ಆ ಹಗ್ಗ ಕಾರಿನಿಂದ ಬಂದದ್ದಲ್ಲ ಗೊತ್ತಾ? ಮಗ್ಗದಿಂದ ಬಂದದ್ದು. ಆ ಮನೆತನದವರು ಮೊದಲು ಮಗ್ಗ ಮಾಡುತ್ತಿದ್ದರು. ದಾರ ತುಂಡಾದರೆ ತಾನೇ ನಿಲ್ಲುವ ಮಗ್ಗ."

ಮಗ್ಗ!

ನಾನು ಮಾಮಾನ ಕಡೆ ನೋಡಿದೆ. ಅವರು ಏನೂ ಕೇಳದೆ, ಕಟ್ಟೆಯ ಮೇಲೆ ಕೂತು, ಜೋಸೆಫನ ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾವನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಕೂಗಿ ಹೇಳಬೇಕೆಂದು ಬಾಯಿ ತೆರೆದೆ. 

ಅಷ್ಟರಲ್ಲಿ ಅನು ಎದ್ದಳು. ಮಾಮಾನ ಕಿವಿಯ ಹತ್ತಿರ ಬಾಯಿಟ್ಟು, ಪೆಟ್ರೋಲ್ ಬಂಕಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು. ಕನ್ನಡದಲ್ಲಿ.

"ಮುತ್ಯಾ! ಈ ಕಾರ್ ಮಾಡ್ತಾರಲ್ಲ, ಅವರು... ಫಸ್ಟ್ ಮಗ್ಗ ಮಾಡ್ತಿದ್ರಂತೆ! ಎಳೆ ಕಟ್ ಆದ್ರೆ ಮಗ್ಗ ತಾನೇ ನಿಲ್ತದ! ತಾನೇ!"

ಮುತ್ಯಾ ಅಂದರೆ ನಮ್ಮ ಕಡೆ ಅಜ್ಜ. ಎರಡು ತಿಂಗಳಿಂದ ಅವಳು ಈ ಮುತ್ಯಾನೊಡನೆ ತಲೆಯಾಡಿಸಿ, ಕೈಸನ್ನೆ ಮಾಡಿ ಕಳೆದಿದ್ದಳು. ಇಷ್ಟು ಕನ್ನಡ ಅವಳೊಳಗಿತ್ತು ಎಂದು ಅವಳಿಗೇ ಗೊತ್ತಿರಲಿಲ್ಲವೇನೋ.

"ಏನಂದಿ?" ಅಂದರು ಮಾಮಾ. ಕೇಳಿಸಿತ್ತು. ಆದರೂ ಇನ್ನೊಮ್ಮೆ ಕೇಳಬೇಕಿತ್ತು ಅವರಿಗೆ.

ಅವಳು ಇನ್ನೊಮ್ಮೆ ಕೂಗಿದಳು.

"ಹಾಸಿನ ಎಳ್ಯೋ, ಹೊಕ್ಕಿನ ಎಳ್ಯೋ?"

ಉದ್ದದ ಎಳೆಯೋ ಅಡ್ಡದ ಎಳೆಯೋ ಎಂದು ಅದರರ್ಥ. ಅನು ನನ್ನ ಮುಖ ನೋಡಿದಳು, ನಾನು ಜೋಸೆಫನ ಮುಖ ನೋಡಿದೆ. ಜೋಸೆಫ್ ಫೋನ್ ತೆಗೆದು ಹುಡುಕಿ ಒಂದು ಚಿತ್ರ ತೋರಿಸಿದ. ಹಳೆಯ ಮಗ್ಗ, ಕಪ್ಪು ಕಬ್ಬಿಣದ್ದು. ಮಾಮಾ ಕನ್ನಡಕ ಏರಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ದೇವರ ಫೋಟೋ ಹಿಡಿದವರ ಹಾಗೆ.

"ಎಳಿಗೊಂದು ಸಣ್ಣ ತಗಡು ನೇತ ಹಾಕ್ಯಾರ" ಅಂದರು. "ಎಳಿ ಹರದ್ರ ತಗಡು ಕೆಳಗ ಬೀಳ್ತದ. ಬಿದ್ದ ಕೂಡ್ಲೆ ಮಗ್ಗ ನಿಲ್ತದ. ಇಂಥಾದ್ದು ದೊಡ್ಡ ಮಿಲ್ಲಿನಾಗ ನೋಡೀನಿ. ಇದನ್ನ ಮಾಡಿದಾವನ ಮನಿಯವರು ಈ ಕಾರು ಮಾಡ್ಯಾರ?"

"ಹೌದು ಮುತ್ಯಾ!"

ಮಾಮಾ ಎದ್ದು ಬಂದು ನಮ್ಮ ಕಾರನ್ನು ಮುಟ್ಟಿದರು. ಬಂದಾಗಿನಿಂದ ದಿನಾ ಕೂತು ಓಡಾಡಿದ ಕಾರು. ಅವತ್ತು ಮೊದಲ ಸಲ ನೋಡಿದವರ ಹಾಗೆ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಸವರುತ್ತ ಒಂದು ಸುತ್ತು ಬಂದರು. ಆಮೇಲೆ ಮತ್ತೆ ಕಟ್ಟೆಯ ಮೇಲೆ ಕೂತು, ಯಾರೂ ಕೇಳದಿದ್ದರೂ ಹೇಳಿದರು.

"ನಮ್ಮ ಶೆಡ್ಡಿನಾಗೂ ಹೊಕ್ಕಿನ ಎಳಿಗೆ ಅಂಥಾದ್ದು ಒಂದು ಇತ್ತವ್ವ. ತಗದ ಒಗದಿದ್ರು. ಘಳಿಗಿಗೊಮ್ಮೆ ಮಗ್ಗ ನಿಲ್ತದ ಅಂತ. ಮಗ್ಗ ನಿಂತ್ರ ಮಾಲಕಗ ಸಿಟ್ಟು. ಒಂದಿನ ಕಲ್ಲವ್ವನ ಮಗ್ಗದ ತಾಳ ತಪ್ಪಿತ್ತು. ನನ್ನ ಕೈಗೆ ಗೊತ್ತಾತು. ಮಾಲಕಗ ಹೇಳಿದ್ನಿ, ನಿಂದ್ರಸ್ತೀನ್ರಿ ಅಂತ. ಪಾಳಿ ಮುಗೀಲಿ ತಡಿ ಅಂದ. ನಾ ತಡದ್ನಿ."

ಅನು ಅವರ ಬಾಯನ್ನೇ ನೋಡುತ್ತಿದ್ದಳು.

"ಲಾಳಿ ಹಾರಿ ಬಂತು. ಕಲ್ಲವ್ವನ ಎಡಗಣ್ಣು ಹೋತು. ಇಪ್ಪತ್ತೆರಡ ವರ್ಷದಾಕಿ."

ಲಾಳಿ ಎಂದರೆ ಮಗ್ಗದಲ್ಲಿ ಅತ್ತಿತ್ತ ಹಾರುವ, ತುದಿಗೆ ಕಬ್ಬಿಣವಿರುವ ಮರದ ತುಂಡು. ಅದು ದಾರಿ ಬಿಟ್ಟು ಹಾರಿದರೆ ಗುಂಡಿನ ಹಾಗೆ. ನನ್ನ ತಾಯಿ ಸಾಯುವವರೆಗೂ ಈ ಕಥೆ ನನಗೆ ಹೇಳಿರಲಿಲ್ಲ. ಅವಳಿಗೂ ಗೊತ್ತಿತ್ತೋ ಇಲ್ಲವೋ.

"ಬ್ಯಾರೇ ಯಾರರ ತಡಿ ಅಂದಿದ್ರ ಕೇಳತಿರಲಿಲ್ಲ. ಮಾಲಕ ಅಂದ, ಸುಮ್ಮನಾದ್ನಿ. ಇವತ್ತ ನೀ ತಡಿ ಅಂದಿ..." ಮಾಮಾ ನನ್ನ ಕಡೆ ನೋಡಿದರು. "ಸಿಟ್ಟಾಗಬ್ಯಾಡವ್ವ. ಒದರಬಾರದಿತ್ತು."

ನಾನು ಅವರ ಪಕ್ಕ ಕೂತೆ. ಅಷ್ಟೆ.

ಅನು ಇಷ್ಟನ್ನೂ ಜೋಸೆಫನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಕೆಲಸ ನಿಲ್ಲಿಸಿ ಕೇಳಿಸಿಕೊಂಡ. ನಂತರ ನಾಲ್ಕೂ ನಟ್ಟು ಬಿಗಿ ಮಾಡಿದ. ಬಾಕಿ ಮೂರು ಗಾಲಿಗಳನ್ನೂ ನೋಡಿದ. ಕೊನೆಯ ಗಾಲಿಗೆ ಬಂದಾಗ ಉದ್ದ ಹಿಡಿಯ ಆ ಪಾನಾವನ್ನು ಮಾಮಾನ ಕೈಗೆ ಕೊಟ್ಟ. "ಪಾಪಾ, ನೀವು ಚೆಕ್ ಮಾಡಿ." ಸರಿಯಾದ ಬಿಗಿ ಬಂದಾಗ ಅದು ಟಕ್ ಅನ್ನುತ್ತದೆ. ಮಾಮಾನ ಕಿವಿಗೆ ಕೇಳಿಸಲಿಲ್ಲ. ಕೈಗೆ ಗೊತ್ತಾಯಿತು. ಮುಖ ಅರಳಿತು.

ಐವತ್ತು ಮೈಲಿಯೊಳಗೆ ಇನ್ನೊಮ್ಮೆ ಬಿಗಿ ನೋಡಿಸಿ ಎಂದು ಹೇಳಿ ಜೋಸೆಫ್ ಹೋದ. ನಾವು ಎಡ ಲೇನಿನಲ್ಲಿ, ಮದುವೆ ದಿಬ್ಬಣದ ವೇಗದಲ್ಲಿ ಮನೆಗೆ ಬಂದೆವು.

ಭಾನುವಾರ ಇಡೀ ದಿನ ನಮ್ಮ ಮನೆಯಲ್ಲಿ ಒಂದೇ ವಿಷಯ. ಅನು ಫೋನಿನಲ್ಲಿ ಓದುವುದು, ಮುತ್ಯಾನ ಕಿವಿಯಲ್ಲಿ ಕೂಗುವುದು. (ಪಕ್ಕದ ಮನೆಯ ಅಜ್ಜಿ ಈಗ ವಿಚಾರಿಸುವುದನ್ನು ಬಿಟ್ಟಿದ್ದಾಳೆ.) ನಾನು ಅಡುಗೆ ಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಕೇಳುತ್ತ ಕೇಳುತ್ತ ಒಲೆ ಆರಿಸಿ ಬಂದು ಕೂತೆ.

ಜಪಾನಿನ ಒಂದು ಹಳ್ಳಿ. ಒಬ್ಬ ಬಡಗಿಯ ಮಗ. ಮನೆಯಲ್ಲಿ ತಾಯಿ ಕೈಮಗ್ಗದ ಮುಂದೆ ಕೂತು ನೇಯುವುದನ್ನು ನೋಡಿ ನೋಡಿ ಅವನಿಗೆ ಒಂದೇ ಹುಚ್ಚು. ಆ ತಾಯಿಯ ಕೆಲಸ ಹಗುರ ಮಾಡಬೇಕು. ಮರ ಕೆತ್ತಿದ, ಮುರಿದ, ಮತ್ತೆ ಕೆತ್ತಿದ. ಜೀವಮಾನವಿಡೀ ಮಗ್ಗವನ್ನೇ ತಿದ್ದುತ್ತ ಕೂತ. ಕೊನೆಗೆ, ಎಳೆ ಹರಿದದ್ದನ್ನು ತಾನೇ ಅರಿತು ನಿಲ್ಲುವ ಮಗ್ಗ ಬಂತು. ಅದನ್ನು ಮಾಡುವ ಹಕ್ಕು ಕೇಳಿಕೊಂಡು ಬಂದವರು ಯಾರು ಗೊತ್ತೇ? ಇಂಗ್ಲೆಂಡಿನವರು! ಇಡೀ ಜಗತ್ತಿಗೆ ಮಗ್ಗ ಮಾರಿದ, ನಮ್ಮ ನೇಕಾರರ ಕೈ ಕಟ್ಟಿಹಾಕಿದ ಅದೇ ಇಂಗ್ಲೆಂಡಿನ ಒಂದು ಯಂತ್ರದ ಕಂಪನಿ, ಒಬ್ಬ ಬಡಗಿಯ ಮಗನ ಮುಂದೆ ಬಂದು ನಿಂತಿತು.

ಮಗ್ಗದ ಕಾರ್ಖಾನೆಯ ಒಂದು ಮೂಲೆಯಲ್ಲಿ ಅವನ ಮಗ ಕಾರು ಮಾಡಲು ಹೊರಟ. ಕಾರು ಮಾಡಿ ಗೊತ್ತಿರಲಿಲ್ಲ. ಹೊರದೇಶದ ಕಾರೊಂದನ್ನು ತಂದು, ಪೂರ್ತಿ ಬಿಚ್ಚಿ ಹರವಿಕೊಂಡು ಕಲಿತರು. ಮೊದಮೊದಲ ಲಾರಿಗಳು ದಾರಿಯಲ್ಲೇ ಕೆಟ್ಟು ನಿಲ್ಲುತ್ತಿದ್ದವಂತೆ. ಕಂಪನಿಯವರೇ ಓಡಿ ಹೋಗಿ ರಸ್ತೆ ಬದಿಯಲ್ಲಿ ರಿಪೇರಿ ಮಾಡಿಕೊಡುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ ಕಂಪನಿ ಮುಳುಗುವ ಹಂತಕ್ಕೆ ಬಂತು, ಕೆಲಸಗಾರರು ಮುಷ್ಕರ ಹೂಡಿದರು, ಕಾರಿನ ಕನಸು ಕಂಡ ಮಗ ಜವಾಬ್ದಾರಿ ಹೊತ್ತು ಕುರ್ಚಿ ಬಿಟ್ಟ. ಮುಂದೆ ಅಮೆರಿಕಕ್ಕೆ ಕಳಿಸಿದ ಮೊದಲ ಕಾರುಗಳು ಅಲ್ಲಿಯ ಹೈವೇಗಳಲ್ಲಿ ಏದುಸಿರು ಬಿಟ್ಟವು. ವಾಪಸ್ ಬಂದರು, ತಿದ್ದಿಕೊಂಡು ಹೋದರು.

ನನಗೆ ಮೈ ಜುಮ್ಮೆಂದದ್ದು ಇಲ್ಲಿ. "ಏನೂ ಆಗಲ್ಲ" ಎಂದು ನಾವು ಕಣ್ಣು ಮುಚ್ಚಿ ನಂಬುವ ಈ ಹೆಸರನ್ನು ಕಟ್ಟಿದವರು ಒಂದು ದಿನವೂ "ಏನೂ ಆಗಲ್ಲ" ಅಂದವರಲ್ಲ! ಏನೋ ಆಗಿಯೇ ಆಗುತ್ತದೆ, ಆದ ಕೂಡಲೇ ನಿಲ್ಲಿಸಬೇಕು ಎಂದುಕೊಂಡೇ ಬೆಳಿಗ್ಗೆ ಕೆಲಸಕ್ಕೆ ಹೋದವರು. ಇವರು ಅನುಮಾನಪಟ್ಟು ಪಟ್ಟು ಮಾಡಿದ ಕಾರಿನಲ್ಲಿ ನಾವು ಅನುಮಾನವನ್ನೇ ಮನೆಯಲ್ಲಿ ಬಿಟ್ಟು ಕೂರುತ್ತೇವೆ. ಎಂಥ ತಮಾಷೆ ನೋಡಿ.

ಅವರೂ ಎಡವಿದ್ದುಂಟು. ಕೆಲವು ವರ್ಷಗಳ ಹಿಂದೆ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಆಗ ಕಂಪನಿಯ ತಲೆಯಾಳು, ಆ ಮಗ್ಗದವನ ಮರಿಮಗ, ಜನರ ಮುಂದೆ ಬಂದು ಕ್ಷಮೆ ಕೇಳಿದ. ತಾವು ಅತಿ ವೇಗವಾಗಿ ಬೆಳೆದೆವು ಎಂದು ಒಪ್ಪಿಕೊಂಡ. ಮಾಮಾನಿಗೆ ಅನು ಇದನ್ನು ಕೂಗಿ ಹೇಳಿದಾಗ ಅವರು ತಲೆದೂಗಿದರು. "ಒಪ್ಪಿಕೊಂಡನಲ್ಲ, ದೊಡ್ಡಾವ."

ಸಂಜೆ ಹೊತ್ತಿಗೆ ಅನುಗೆ ಇನ್ನೊಂದು ಸಿಕ್ಕಿತು. ಮಗ್ಗದ ಆ ಮುದುಕ ಒಂದು ಅಭ್ಯಾಸ ಬಿಟ್ಟುಹೋಗಿದ್ದನಂತೆ. ಏನಾದರೂ ಕೆಟ್ಟರೆ ಯಾರು ಕೆಡಿಸಿದ್ದು ಎಂದು ಕೇಳಬಾರದು. ಯಾಕೆ ಎಂದು ಕೇಳಬೇಕು. ಉತ್ತರ ಬಂದರೆ ಅದಕ್ಕೂ ಯಾಕೆ. ಹಾಗೆ ಐದು ಸಲ. ಐದನೆಯ ಯಾಕೆ ಬರುವ ಹೊತ್ತಿಗೆ ನಿಜವಾದ ಬೇರು ಕೈಗೆ ಸಿಗುತ್ತದೆ.

"ಹಂಗಾರ ನಾಳೆ ಆ ಗ್ಯಾರೇಜಿಗೆ ಹೋಗೂಣು" ಅಂದರು ಮಾಮಾ. "ಕೇಳೂಣು."

ನನಗಂತೂ ಕೇಳುವುದಕ್ಕಿಂತ ಹೆಚ್ಚಾಗಿ ಬೈಯುವುದಿತ್ತು. ಬೈಗುಳವನ್ನು ಇಂಗ್ಲಿಷಿನಲ್ಲಿ ರಾತ್ರಿಯೇ ಜೋಡಿಸಿಟ್ಟುಕೊಂಡಿದ್ದೆ. ಸೋಮವಾರ ಅನುವಿನ ಶಾಲೆ ಮುಗಿದ ಮೇಲೆ ಮೂವರೂ ಹೋದೆವು.

ಗ್ಯಾರೇಜಿನಲ್ಲಿ ಇರುವುದು ಒಬ್ಬನೇ ಮನುಷ್ಯ. ಮಾಲೀಕನೂ ಅವನೇ, ಕೆಲಸಗಾರನೂ ಅವನೇ. ನಾನು ಒಂದೇ ಉಸಿರಿನಲ್ಲಿ ನಡೆದದ್ದನ್ನು ಹೇಳಿದೆ. ಅವನ ಮುಖದ ಬಣ್ಣ ಹೋಯಿತು. ಹತ್ತಿರದ ಸ್ಟೂಲಿನ ಮೇಲೆ ಕೂತುಬಿಟ್ಟ. ಅನುವಿನ ಕಡೆ ನೋಡಿ, "ಈ ಮಗು ಕಾರಿನಲ್ಲಿತ್ತಾ?" ಎಂದು ಕೇಳಿದ. ನನ್ನ ಬೈಗುಳದ ಅರ್ಧ ಅಲ್ಲೇ ಉದುರಿತು.

ಮಾಮಾ ಅನುವಿನ ಭುಜ ತಟ್ಟಿದರು. "ಕೇಳವ್ವ."

ಅನು ಕೇಳಿದಳು. ನಟ್ಟು ಸಡಿಲ ಯಾಕಿತ್ತು?

ಅವನು ಹೇಳಿದ. ಕಾರನ್ನು ಎತ್ತಿದಾಗ ಕೈಯಲ್ಲಿ ನಟ್ಟು ಹಾಕಿದ್ದೆ. ಕೆಳಗಿಳಿಸಿದ ಮೇಲೆ ಪಾನಾ ಹಾಕಿ ಕೊನೆಯ ಬಿಗಿ ಕೊಡಬೇಕು. ಬಲಗಾಲಿಗೆ ಕೊಟ್ಟೆ. ಎಡಗಾಲಿಗೆ ಕೊಡಲಿಲ್ಲ ಅಂತ ಕಾಣುತ್ತೆ.

ಯಾಕೆ ಕೊಡಲಿಲ್ಲ?

ಅವನು ಕಣ್ಣು ಮುಚ್ಚಿ ನೆನಪಿಸಿಕೊಂಡ. ಪಾನಾ ಕೈಯಲ್ಲೇ ಇತ್ತು. ಫೋನ್ ಬಂತು. ಕೆಳಗಿಟ್ಟು ಒಳಗೆ ಹೋದೆ. ಮಾತಾಡಿ ಬಂದವನು ಎರಡೂ ಮುಗಿದಿದೆ ಅಂದುಕೊಂಡು ತಟ್ಟೆ ಮುಚ್ಚಿದೆ.

ಕೆಲಸದ ನಡುವೆ ಫೋನ್ ಯಾಕೆ ತೆಗೆದಿರಿ?

ಅವನು ಹೇಳಲೋ ಬೇಡವೋ ಅನ್ನುವ ಹಾಗೆ ನನ್ನ ಮುಖ ನೋಡಿದ. "ಅದಕ್ಕೂ ಮೊದಲು ಎರಡು ಸಲ ಬಂದಿತ್ತು. ಮೂರನೇ ಸಲ ತೆಗೆಯದಿದ್ದರೆ ಬೇಜಾರಾಗುತ್ತೀರಿ ಅಂದುಕೊಂಡೆ. ಅದು ನಿಮ್ಮ ಫೋನೇ, ಮೇಡಂ. ಆಯಿತಾ, ಆಯಿತಾ ಅಂತ."

ಅನು ನಿಧಾನವಾಗಿ ನನ್ನ ಕಡೆ ತಿರುಗಿದಳು. ಮಾಮಾ ಅವಳ ತೋಳು ಹಿಡಿದು, "ಏನಂತಾನ?" ಎಂದು ಕೇಳಿದರು. ಅವಳು ಕಿವಿಯಲ್ಲಿ ಕೂಗಿದಳು. ಇಡೀ ಬೀದಿಗೆ ಕೇಳಿಸಿತು.

ಮಾಮಾನ ಮುಖದಲ್ಲಿ ಸಿಟ್ಟಿರಲಿಲ್ಲ. ಮಗ್ಗದ ಮುಂದೆ ಕೂತು ಎಲ್ಲಿ ಸಿಕ್ಕು ಬಿದ್ದಿದೆ ಎಂದು ಹುಡುಕುವವರ ಶಾಂತಿ ಇತ್ತು. ನಾಲ್ಕನೆಯದನ್ನು ಅವರೇ ಕೇಳಿದರು. "ಅಷ್ಟ ಸಲ ಯಾಕ ಫೋನ್ ಮಾಡಿದ್ಯವ್ವ?"

"ಕಾರು ಲಗೂನ ಬೇಕಾಗಿತ್ತು ಮಾಮಾ!"

"ಲಗೂನ ಯಾಕ ಬೇಕಾಗಿತ್ತು?"

ಹೌದು, ಅಷ್ಟು ಬೇಗ ಯಾಕೆ ಬೇಕಿತ್ತು? ಕಿವಿ ಕೇಳದವರ ಮುಂದೆ ಗೊಣಗಿ ತಪ್ಪಿಸಿಕೊಳ್ಳಲೂ ಬರುವುದಿಲ್ಲ, ಉತ್ತರವನ್ನು ಕೂಗಿಯೇ ಹೇಳಬೇಕು.

ನಿಮ್ಮ ಹತ್ತಿರ ಮಾತ್ರ ಮೆಲ್ಲಗೆ ಹೇಳುತ್ತೇನೆ: ಆ ಶುಕ್ರವಾರ ಸಂಜೆ ನನಗೆ ಎಲ್ಲಿಗೂ ಹೋಗುವುದಿರಲಿಲ್ಲ.